ಹುಡುಕಿದವರಿಗೆ ಸಿಗುವ ಜಾಲತಾಣ: ಅಳತೆಯಿಂದ ಆರಂಭಿಸಿ ಹಂತ ಹಂತವಾಗಿ

ಜಾಲತಾಣ ನಡೆಸುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತಾರೆ. ನಮ್ಮ ಪುಟ ಗೂಗಲ್‌ನಲ್ಲಿ ಏಕೆ ಕಾಣಿಸುತ್ತಿಲ್ಲ ಎಂಬುದು ಒಂದು. ತಾಣಕ್ಕೆ ಎಷ್ಟು ಜನ ಬರುತ್ತಿದ್ದಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹುಡುಕಲು ಹೊರಟವರು ಶೀರ್ಷಿಕೆ, ಕೀವರ್ಡ್, ಲಿಂಕ್ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಬದಲಾಯಿಸುತ್ತಾರೆ. ಎರಡನೆಯದನ್ನು ಕೇಳುವವರು ಒಟ್ಟು ಸಂಖ್ಯೆಯೊಂದನ್ನು ನೋಡಿ ಹಿಗ್ಗುತ್ತಾರೆ, ಇಲ್ಲವೇ ಕುಗ್ಗುತ್ತಾರೆ. ನನ್ನ ದೃಷ್ಟಿಯಲ್ಲಿ ಇವೆರಡೂ ಒಂದೇ ಕೆಲಸ. ಯಾವ ಪುಟ ಯಾವ ಹುಡುಕಾಟಕ್ಕೆ ಎಷ್ಟನೆಯ ಸ್ಥಾನದಲ್ಲಿ ಕಾಣಿಸಿತು, ಕಂಡವರಲ್ಲಿ ಎಷ್ಟು ಮಂದಿ ಕ್ಲಿಕ್ ಮಾಡಿದರು, ಒಳಗೆ ಬಂದವರಿಗೆ ಬೇಕಾದದ್ದು ಸಿಕ್ಕಿತೇ ಎಂಬ ಮೂರು ಸಂಗತಿಗಳಲ್ಲಿ ತೊಡಕು ಎಲ್ಲಿದೆ ಎಂದು ತಿಳಿಯದೆ ಮಾಡುವ ತಿದ್ದುಪಡಿ ಬರಿಯ ಊಹೆಯಾಗುತ್ತದೆ. ಹಾಗಾಗಿ ಇಲ್ಲಿ ಅಳತೆಯ ವ್ಯವಸ್ಥೆಯನ್ನು ಮೊದಲು ಮಾಡಿಕೊಂಡು, ಆಮೇಲೆ ತಿದ್ದುಪಡಿಗೆ ಕೈ ಹಾಕುವ ಕ್ರಮವನ್ನು ಅನುಸರಿಸಿದ್ದೇನೆ.

ಮೊದಲ ಹಂತ: ಅಳತೆಯ ಸಾಧನಗಳನ್ನು ಜೋಡಿಸಿಕೊಳ್ಳಿ

ಬೇಕಾಗುವ ಸಾಧನಗಳು ಎರಡು ಬಗೆಯವು. ಒಂದು, ಕ್ಲಿಕ್ ಆಗುವವರೆಗಿನ ಕಥೆಯನ್ನು ಹೇಳುವುದು. ಇನ್ನೊಂದು, ಕ್ಲಿಕ್ ಆದ ನಂತರದ್ದನ್ನು ಹೇಳುವುದು. ಮೊದಲನೆಯದಕ್ಕೆ ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯಿದೆ. 2015ರವರೆಗೆ ಇದನ್ನು ವೆಬ್‌ಮಾಸ್ಟರ್ ಟೂಲ್ಸ್ ಎಂದು ಕರೆಯುತ್ತಿದ್ದರು. ಇದರಲ್ಲಿ ನಿಮ್ಮ ತಾಣವನ್ನು ನೋಂದಾಯಿಸುವಾಗ ಡೊಮೇನ್ ಮತ್ತು ಯುಆರ್‌ಎಲ್ ಪ್ರಿಫಿಕ್ಸ್ ಎಂಬ ಎರಡು ಆಯ್ಕೆಗಳು ಕಾಣಿಸುತ್ತವೆ. ಡೊಮೇನ್ ಎಂಬುದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಏಕೆಂದರೆ ಅದು ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಮತ್ತು ಇಲ್ಲದ ವಿಳಾಸಗಳನ್ನು, ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ಎರಡನ್ನೂ, ಎಲ್ಲ ಉಪಡೊಮೇನ್‌ಗಳನ್ನೂ ಒಂದೇ ಲೆಕ್ಕದಲ್ಲಿ ಸೇರಿಸುತ್ತದೆ. ಇದಕ್ಕೆ ಡೊಮೇನ್ ಖರೀದಿಸಿದ ಸಂಸ್ಥೆಯ ಖಾತೆಗೆ ಹೋಗಿ, ಡೊಮೇನ್ ಹೆಸರನ್ನು ಸರ್ವರ್‌ಗೆ ಜೋಡಿಸುವ ಡಿಎನ್‌ಎಸ್ ದಾಖಲೆಗಳಲ್ಲಿ ಗೂಗಲ್ ಕೊಡುವ ಒಂದು ಸಾಲನ್ನು ಸೇರಿಸಬೇಕಾಗುತ್ತದೆ. ಸರ್ಚ್ ಕನ್ಸೋಲ್ 16 ತಿಂಗಳ ಅಂಕಿಅಂಶವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ವರ್ಷಗಳ ಹೋಲಿಕೆ ಬೇಕೆನ್ನುವವರು ಆಗಾಗ ಅದನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸಿಟ್ಟುಕೊಳ್ಳುವ ರೂಢಿಯನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಬೇಕು. ಬಿಂಗ್‌ನ ವೆಬ್‌ಮಾಸ್ಟರ್ ಟೂಲ್ಸ್‌ನಲ್ಲೂ ಒಂದು ಖಾತೆ ತೆರೆಯಿರಿ. ಸರ್ಚ್ ಕನ್ಸೋಲ್‌ನಿಂದಲೇ ವಿವರಗಳನ್ನು ಅದಕ್ಕೆ ಆಮದು ಮಾಡಿಕೊಳ್ಳಬಹುದಾದ್ದರಿಂದ ಹೆಚ್ಚಿನ ಶ್ರಮವಿಲ್ಲ.

ಕ್ಲಿಕ್ ಆದ ನಂತರದ ಲೆಕ್ಕಕ್ಕೆ ಹೆಚ್ಚಿನವರು ಗೂಗಲ್ ಅನಲಿಟಿಕ್ಸ್ ಬಳಸುತ್ತಾರೆ. ಅದರ ಹಳೆಯ ಆವೃತ್ತಿಯಾದ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ರಿಂದ ಹೊಸ ಮಾಹಿತಿ ಸ್ವೀಕರಿಸುವುದನ್ನು ನಿಲ್ಲಿಸಿತು. ಈಗ ಇರುವುದು ಗೂಗಲ್ ಅನಲಿಟಿಕ್ಸ್ 4, ಅಂದರೆ ಜಿಎ4. ಹಳೆಯ ಪಾಠಗಳಲ್ಲಿನ ಪರದೆಯ ಚಿತ್ರಗಳು ಈಗಿನ ಪರದೆಗೆ ಹೊಂದದಿರುವುದಕ್ಕೆ ಇದೇ ಕಾರಣ. ಓದುಗರ ಖಾಸಗಿತನಕ್ಕೆ ಹೆಚ್ಚು ಬೆಲೆ ಕೊಡುವವರಿಗೆ ಮಟೋಮೊ, ಪ್ಲಾಸಿಬಲ್‌ನಂತಹ ಪರ್ಯಾಯಗಳಿವೆ. ಯಾವುದನ್ನೇ ಆರಿಸಿದರೂ ಅದು ಕೊಡುವ ಎಣಿಕೆಯ ಕೋಡನ್ನು ತಾಣದಲ್ಲಿ ಹಾಕಿದ ತಕ್ಷಣ ಮಾಡಬೇಕಾದ ಕೆಲವು ಕೆಲಸಗಳಿವೆ. ನಿಮ್ಮ ಫೋನಿನಿಂದ ತಾಣವನ್ನು ತೆರೆದು, ರಿಯಲ್‌ಟೈಮ್ ವರದಿಯಲ್ಲಿ ಆ ಭೇಟಿ ಒಮ್ಮೆ ಮಾತ್ರ ಎಣಿಕೆಯಾಯಿತೇ ನೋಡಿ. ಥೀಮ್‌ನಲ್ಲೊಂದು, ಪ್ಲಗಿನ್‌ನಲ್ಲೊಂದು ಎಂದು ಕೋಡ್ ಎರಡು ಕಡೆ ಸೇರಿಕೊಂಡರೆ ಪುಟ ವೀಕ್ಷಣೆಗಳು ದುಪ್ಪಟ್ಟಾಗಿ ಕಾಣುತ್ತವೆ. ನಿಮ್ಮ ಮತ್ತು ಸಹೋದ್ಯೋಗಿಗಳ ಭೇಟಿಗಳನ್ನು ಲೆಕ್ಕದಿಂದ ಹೊರಗಿಡುವ ಫಿಲ್ಟರ್ ಹಾಕಿ. ಜಿಎ4ರಲ್ಲಿ ಬಿಡಿ ದಾಖಲೆಗಳನ್ನು ಉಳಿಸಿಕೊಳ್ಳುವ ಅವಧಿ ತಾನಾಗಿಯೇ 2 ತಿಂಗಳಿಗೆ ನಿಗದಿಯಾಗಿರುತ್ತದೆ. ಅದನ್ನು 14 ತಿಂಗಳಿಗೆ ಬದಲಾಯಿಸದಿದ್ದರೆ ಎಕ್ಸ್‌ಪ್ಲೋರ್ ವಿಭಾಗದಲ್ಲಿ ಹಿಂದಿನದನ್ನು ಕೆದಕಿ ನೋಡಲು ಆಗುವುದಿಲ್ಲ. ಬದಲಾವಣೆ ಮಾಡುವ ಮುನ್ನವೇ ಅಳಿಸಿಹೋದದ್ದು ಮರಳಿ ಬರುವುದಿಲ್ಲವಾದ್ದರಿಂದ ಈ ಕೆಲಸವನ್ನು ನಾಳೆಗೆ ಇಡಬೇಡಿ.

ಎರಡನೆಯ ಹಂತ: ಸರ್ಚ್ ಇಂಜಿನ್ ನಿಮ್ಮ ಪುಟವನ್ನು ನೋಡಿದೆಯೇ?

ಹುಡುಕಾಟದ ಫಲಿತಾಂಶದಲ್ಲಿ ಪುಟವೊಂದು ಕಾಣಿಸಬೇಕಾದರೆ ಮೂರು ಘಟ್ಟಗಳನ್ನು ದಾಟಬೇಕು. ಗೂಗಲ್‌ಬಾಟ್ ಎಂಬ ತಂತ್ರಾಂಶ ಆ ವಿಳಾಸಕ್ಕೆ ಬಂದು ಪುಟವನ್ನು ತೆಗೆದುಕೊಳ್ಳಬೇಕು, ಇದು ಕ್ರಾಲಿಂಗ್. ತೆಗೆದುಕೊಂಡದ್ದನ್ನು ವಿಶ್ಲೇಷಿಸಿ ತನ್ನ ಸಂಗ್ರಹಕ್ಕೆ ಸೇರಿಸಬೇಕು, ಇದು ಇಂಡೆಕ್ಸಿಂಗ್. ಯಾರಾದರೂ ಹುಡುಕಿದಾಗ ಸಂಗ್ರಹದಿಂದ ಅದನ್ನು ಆರಿಸಿ ತೋರಿಸಬೇಕು. ಶ್ರೇಯಾಂಕದ ಬಗ್ಗೆ ತಲೆ ಕೆಡಿಸಿಕೊಳ್ಳುವ ಅನೇಕರ ಪುಟಗಳು ಎರಡನೆಯ ಘಟ್ಟವನ್ನೇ ದಾಟಿರುವುದಿಲ್ಲ. ಆದ್ದರಿಂದ ಮೊದಲು ನೋಡಬೇಕಾದದ್ದು ಇಲ್ಲಿ.

ಹುಡುಕಾಟದ ಪೆಟ್ಟಿಗೆಯಲ್ಲಿ ಸೈಟ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಡೊಮೇನ್ ಹೆಸರನ್ನು ಸೇರಿಸಿದರೆ ಗೂಗಲ್‌ನ ಸಂಗ್ರಹದಲ್ಲಿರುವ ನಿಮ್ಮ ಪುಟಗಳು ಕಾಣುತ್ತವೆ. ಇದರಿಂದ ಸಿಗುವುದು ಅಂದಾಜು ಮಾತ್ರ. ನಿರ್ದಿಷ್ಟ ಪುಟದ ಸ್ಥಿತಿಯನ್ನು ಖಚಿತವಾಗಿ ತಿಳಿಯಲು ಸರ್ಚ್ ಕನ್ಸೋಲ್‌ನ ಮೇಲ್ಭಾಗದಲ್ಲಿರುವ ಪೆಟ್ಟಿಗೆಗೆ ಆ ಪುಟದ ಪೂರ್ಣ ವಿಳಾಸವನ್ನು ಹಾಕಿ. ಇಡೀ ತಾಣದ ಚಿತ್ರಣ ಬೇಕಾದರೆ ಪೇಜಸ್ ಎಂಬ ವರದಿಯನ್ನು ತೆರೆಯಿರಿ. ಅಲ್ಲಿ ಇಂಡೆಕ್ಸ್ ಆಗದ ಪುಟಗಳನ್ನು ಕಾರಣಗಳ ಪ್ರಕಾರ ಗುಂಪು ಮಾಡಿರುತ್ತಾರೆ. ‘ಡಿಸ್ಕವರ್ಡ್ – ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದಿದ್ದರೆ ವಿಳಾಸ ಗೂಗಲ್‌ಗೆ ಗೊತ್ತಿದೆ, ಆದರೆ ಅದು ಇನ್ನೂ ಅಲ್ಲಿಗೆ ಬಂದಿಲ್ಲ ಎಂದರ್ಥ. ‘ಕ್ರಾಲ್ಡ್ – ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದಿದ್ದರೆ ಬಂದು ನೋಡಿದೆ, ಆದರೆ ಸಂಗ್ರಹಕ್ಕೆ ಸೇರಿಸಿಕೊಂಡಿಲ್ಲ. ಮೊದಲನೆಯದಕ್ಕೆ ಆ ಪುಟಕ್ಕೆ ನಿಮ್ಮದೇ ತಾಣದ ಒಳಗಿನಿಂದ ಲಿಂಕ್‌ಗಳು ಸಾಲದಿರುವುದು, ಇಲ್ಲವೇ ಸರ್ವರ್ ನಿಧಾನವಾಗಿರುವುದು ಕಾರಣವಿರಬಹುದು. ಎರಡನೆಯದನ್ನು ಕಂಡಾಗ ಪುಟದ ಹೂರಣವನ್ನೇ ಪ್ರಶ್ನಿಸಿಕೊಳ್ಳಬೇಕು: ಇದರಲ್ಲಿ ಬೇರೆಡೆ ಸಿಗದ ಏನಿದೆ? ನಾಲ್ಕು ಸಾಲಿನ ಟ್ಯಾಗ್ ಪುಟಗಳು, ಒಂದೇ ವಿಷಯವನ್ನು ಮಾತು ಬದಲಿಸಿ ಬರೆದ ಪುಟಗಳು ಇಲ್ಲಿ ರಾಶಿ ಬೀಳುತ್ತವೆ, ಮತ್ತು ಅವು ಇಂಡೆಕ್ಸ್ ಆಗದಿರುವುದರಿಂದ ನಷ್ಟವೇನೂ ಇಲ್ಲ. ಎಲ್ಲ ಪುಟಗಳೂ ಇಂಡೆಕ್ಸ್ ಆಗಲೇಬೇಕೆಂಬ ಹಟ ಬೇಡ.

ಇನ್ನೊಂದು ಗುಂಪಿನ ಪುಟಗಳು ನಮ್ಮದೇ ಕೈಯಿಂದ ಮುಚ್ಚಿಹೋದಂತಹವು. ತಾಣ ಕಟ್ಟಲು ಬಳಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಎಂಬ ಪುಟವಿದೆ. ಅಲ್ಲಿ ಸರ್ಚ್ ಇಂಜಿನ್‌ಗಳು ಈ ತಾಣವನ್ನು ಇಂಡೆಕ್ಸ್ ಮಾಡದಂತೆ ಕೋರುವ ಒಂದು ಚೌಕವಿದೆ. ತಾಣವನ್ನು ಕಟ್ಟುವಾಗ ಅದಕ್ಕೆ ಟಿಕ್ ಹಾಕಿ, ಬಿಡುಗಡೆಯ ದಿನ ತೆಗೆಯಲು ಮರೆತರೆ ಉಳಿದ ಯಾವ ಶ್ರಮವೂ ಫಲ ಕೊಡದು. ಒಂದು ನಿಮಿಷದ ಕೆಲಸ, ಈಗಲೇ ನೋಡಿಬಿಡಿ.

ರೋಬಾಟ್ಸ್ ಟೆಕ್ಸ್ಟ್ ಕಡತ ಮತ್ತು ನೋಇಂಡೆಕ್ಸ್ ಟ್ಯಾಗ್ ಇವೆರಡರ ವ್ಯತ್ಯಾಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಅನುಭವಿಗಳೂ ಎಡವುತ್ತಾರೆ. ರೋಬಾಟ್ಸ್ ಟೆಕ್ಸ್ಟ್ ಪದ್ಧತಿ ಹುಟ್ಟಿದ್ದು 1994ರಲ್ಲಿ. ಅದು ಅಧಿಕೃತ ಅಂತರ್ಜಾಲ ಮಾನದಂಡವಾಗಿ ಪ್ರಕಟವಾದದ್ದು 2022ರಲ್ಲಿ. ಈ ಕಡತ ಹೇಳುವುದು ಇಷ್ಟೇ: ಈ ವಿಳಾಸಗಳಿಗೆ ಬರಬೇಡ. ಹಾಗೆ ತಡೆದ ಪುಟಕ್ಕೆ ಬೇರೆ ತಾಣಗಳಿಂದ ಲಿಂಕ್ ಇದ್ದರೆ, ಒಳಗೇನಿದೆ ಎಂದು ನೋಡದೆಯೇ ಗೂಗಲ್ ಆ ವಿಳಾಸವನ್ನು ಫಲಿತಾಂಶದಲ್ಲಿ ತೋರಿಸಬಹುದು. ಪುಟ ಫಲಿತಾಂಶದಲ್ಲೇ ಬರಬಾರದು ಎಂಬುದು ನಿಮ್ಮ ಉದ್ದೇಶವಾದರೆ ಆ ಪುಟದ ಎಚ್‌ಟಿಎಂಎಲ್ ಕೋಡ್‌ನ ತಲೆಭಾಗದಲ್ಲಿ (ಹೆಡ್) ನೋಇಂಡೆಕ್ಸ್ ಟ್ಯಾಗ್ ಹಾಕಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಕೆಲಸ ಕೆಡುತ್ತದೆ: ರೋಬಾಟ್ಸ್ ಕಡತ ಗೂಗಲ್‌ಬಾಟನ್ನು ಬಾಗಿಲಲ್ಲೇ ತಡೆಯುವುದರಿಂದ ಒಳಗಿರುವ ನೋಇಂಡೆಕ್ಸ್ ಸೂಚನೆ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಜಾವಾಸ್ಕ್ರಿಪ್ಟ್ ಮೂಲಕ ಹೂರಣವನ್ನು ತುಂಬುವ ತಾಣಗಳಲ್ಲಿ ಇನ್ನೊಂದು ಪರೀಕ್ಷೆ ಅಗತ್ಯ. ಸರ್ಚ್ ಕನ್ಸೋಲ್‌ನ ವಿಳಾಸ ಪರೀಕ್ಷೆಯ ಪರದೆಯಲ್ಲಿ ‘ಟೆಸ್ಟ್ ಲೈವ್ ಯುಆರ್‌ಎಲ್’ ಒತ್ತಿ, ಗೂಗಲ್‌ಗೆ ಕಂಡ ಎಚ್‌ಟಿಎಂಎಲ್ ಅನ್ನು ತೆರೆದು, ನಿಮ್ಮ ಲೇಖನದ ನಡುವಿನ ಒಂದು ವಾಕ್ಯ ಅದರಲ್ಲಿ ಇದೆಯೇ ಎಂದು ಹುಡುಕಿ. ಓದುಗರು ಗುಂಡಿ ಒತ್ತಿದ ಮೇಲಷ್ಟೇ ಸರ್ವರ್‌ನಿಂದ ಬರುವ ಪಠ್ಯ ಅಲ್ಲಿರುವುದಿಲ್ಲ. ಗೂಗಲ್‌ಬಾಟ್ ಗುಂಡಿಗಳನ್ನು ಒತ್ತುವುದಿಲ್ಲ.

ತಾಣದ ಪುಟಗಳ ವಿಳಾಸಗಳನ್ನು ಸರ್ಚ್ ಇಂಜಿನ್‌ಗೆ ಪಟ್ಟಿ ಮಾಡಿಕೊಡುವ ಸೈಟ್‌ಮ್ಯಾಪ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಕಡತದಲ್ಲಿ 50,000 ವಿಳಾಸಗಳು ಅಥವಾ ಕುಗ್ಗಿಸದ ಸ್ಥಿತಿಯಲ್ಲಿ 50 ಎಂಬಿ ಮಿತಿ. ಆದ್ಯತೆ ಮತ್ತು ಬದಲಾವಣೆಯ ಆವರ್ತನ ಎಂಬ ಅಂಕಣಗಳನ್ನು ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೊನೆಯ ಬದಲಾವಣೆಯ ದಿನಾಂಕವನ್ನು ನಿಜವಾಗಿದ್ದರೆ ಮಾತ್ರ ನಂಬುತ್ತದೆ. ಪ್ರತಿದಿನ ಎಲ್ಲ ಪುಟಗಳಿಗೂ ಅಂದಿನ ದಿನಾಂಕವನ್ನೇ ಹಾಕುವ ಪ್ಲಗಿನ್ ಇದ್ದರೆ ತೆಗೆದುಹಾಕಿ.

ಮೂರನೆಯ ಹಂತ: ಒಂದು ವಿಷಯಕ್ಕೆ ಒಂದೇ ವಿಳಾಸ

ಒಂದೇ ಪುಟ ನಾಲ್ಕು ವಿಳಾಸಗಳಲ್ಲಿ ತೆರೆದುಕೊಂಡರೆ ಸರ್ಚ್ ಇಂಜಿನ್ ಅವುಗಳಲ್ಲಿ ಒಂದನ್ನು ಮುಖ್ಯವೆಂದು ಆರಿಸುತ್ತದೆ, ಮತ್ತು ಅದರ ಆಯ್ಕೆ ನಿಮ್ಮದೇ ಆಗಿರಬೇಕೆಂದಿಲ್ಲ. ಡಬ್ಲ್ಯುಡಬ್ಲ್ಯುಡಬ್ಲ್ಯು ಇದ್ದು ಮತ್ತು ಇಲ್ಲದೆ, ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್‌ನಲ್ಲಿ, ಕೊನೆಯಲ್ಲಿ ಓರೆಗೆರೆ ಇದ್ದು ಮತ್ತು ಇಲ್ಲದೆ ನಿಮ್ಮ ಮುಖಪುಟವನ್ನೂ ಒಂದು ಒಳಪುಟವನ್ನೂ ತೆರೆದು ನೋಡಿ. ಎಲ್ಲವೂ ಒಂದೇ ವಿಳಾಸಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನದ ಮೂಲಕ ಬಂದು ನಿಲ್ಲಬೇಕು. ಫಿಲ್ಟರ್, ವಿಂಗಡಣೆ, ಪ್ರಚಾರದ ಗುರುತುಗಳಿಂದ ಹುಟ್ಟುವ ವಿಳಾಸಗಳಿಗೆ ಮರುನಿರ್ದೇಶನ ಹೊಂದದು. ಅಲ್ಲಿ ಕೆನಾನಿಕಲ್ ಟ್ಯಾಗ್ ಮೂಲಕ ಮೂಲ ವಿಳಾಸವನ್ನು ಸೂಚಿಸಿ. 2009ರಲ್ಲಿ ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್ ಒಟ್ಟಾಗಿ ಜಾರಿಗೆ ತಂದ ಈ ಟ್ಯಾಗ್ ಸುಳಿವು ಮಾತ್ರ, ಆಜ್ಞೆಯಲ್ಲ. ಒಳಗಿನ ಲಿಂಕ್‌ಗಳು, ಸೈಟ್‌ಮ್ಯಾಪ್, ಕೆನಾನಿಕಲ್ ಮೂರೂ ಒಂದೇ ವಿಳಾಸವನ್ನು ತೋರಿಸಿದಾಗ ಸುಳಿವು ಬಲವಾಗುತ್ತದೆ. ಹಳೆಯ ಪುಟವನ್ನು ತೆಗೆದರೆ ಅದಕ್ಕೆ ನಿಜವಾಗಿ ಸಮಾನವಾದ ಪುಟಕ್ಕೆ ಕಳುಹಿಸಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವುದರಿಂದ ಪ್ರಯೋಜನವಿಲ್ಲ: ಓದುಗರಿಗೆ ದಾರಿ ತಪ್ಪುತ್ತದೆ, ಗೂಗಲ್ ಕೂಡ ಅದನ್ನು ‘ಪುಟ ಇಲ್ಲ’ ಎಂದೇ ಪರಿಗಣಿಸಬಹುದು.

ನಾಲ್ಕನೆಯ ಹಂತ: ಹುಡುಕುವವರ ಪ್ರಶ್ನೆಗೆ ಪುಟವನ್ನು ಹೊಂದಿಸುವುದು

ಸೈಕಲ್ ರಿಪೇರಿಯ ಬಗ್ಗೆ ಬರೆಯುವ ತಾಣವೊಂದನ್ನು ಊಹಿಸಿಕೊಳ್ಳೋಣ. ಅದರಲ್ಲಿ ‘ಪ್ರಸರಣ ವ್ಯವಸ್ಥೆಯ ನಿರ್ವಹಣೆ’ ಎಂಬ ಶೀರ್ಷಿಕೆಯ ಒಂದು ಒಳ್ಳೆಯ ಲೇಖನವಿದೆ. ಲೇಖಕರಿಗೆ ಆ ಹೆಸರು ಸರಿಯೆನಿಸಬಹುದು. ಆದರೆ ದಾರಿಯಲ್ಲಿ ಪೆಡಲ್ ತುಳಿಯುವಾಗ ಚೈನ್ ಜಾರಿದವರು ಫೋನ್ ತೆಗೆದು ಬರೆಯುವುದು ‘ಸೈಕಲ್ ಚೈನ್ ಪದೇ ಪದೇ ಜಾರುತ್ತದೆ’ ಎಂದು. ಅವರಿಗೆ ಬೇಕಾದದ್ದು ಮೂರು ಸಂಗತಿ: ಏಕೆ ಜಾರುತ್ತಿದೆ, ಈಗಲೇ ಏನು ಮಾಡಬಹುದು, ಚೈನ್ ಸವೆದಿದೆಯೇ ಹಲ್ಲುಗಾಲಿ ಸವೆದಿದೆಯೇ ಎಂದು ಗುರುತಿಸುವುದು ಹೇಗೆ. ಲೇಖನದಲ್ಲಿ ಈ ಉತ್ತರ ಹನ್ನೆರಡನೆಯ ಪ್ಯಾರಾದಲ್ಲಿ ಅಡಗಿದ್ದರೆ ಓದುಗರೂ ಹಿಂತಿರುಗುತ್ತಾರೆ, ಸರ್ಚ್ ಇಂಜಿನ್‌ಗೂ ಆ ಪುಟ ಈ ಪ್ರಶ್ನೆಯದೆಂದು ಸುಲಭವಾಗಿ ತಿಳಿಯುವುದಿಲ್ಲ. ಶೀರ್ಷಿಕೆಯನ್ನು ‘ಸೈಕಲ್ ಚೈನ್ ಜಾರಲು ಕಾರಣಗಳು ಮತ್ತು ಸರಿಪಡಿಸುವ ವಿಧಾನ’ ಎಂದು ಬದಲಿಸಿ, ಮೊದಲ ಎರಡು ಪ್ಯಾರಾಗಳಲ್ಲಿ ನೇರ ಉತ್ತರ ಕೊಟ್ಟು, ವಿವರಗಳನ್ನು ನಂತರ ಹೇಳಿದರೆ ಅದೇ ಜ್ಞಾನ ಬೇಕಾದವರ ಕೈಗೆ ಸಿಗುತ್ತದೆ.

ಜನ ಬಳಸುವ ಪದಗಳನ್ನು ತಿಳಿಯಲು ದುಬಾರಿ ಸಾಧನಗಳು ಆರಂಭದಲ್ಲಿ ಬೇಕಿಲ್ಲ. ಹುಡುಕಾಟದ ಪೆಟ್ಟಿಗೆಯಲ್ಲಿ ಬರೆಯತೊಡಗಿದಾಗ ಮೂಡುವ ಸಲಹೆಗಳು, ಫಲಿತಾಂಶ ಪುಟದಲ್ಲಿ ಬರುವ ಸಂಬಂಧಿತ ಪ್ರಶ್ನೆಗಳು, ಓದುಗರು ನಿಮಗೆ ಬರೆಯುವ ಇಮೇಲ್‌ಗಳು, ನಿಮ್ಮ ತಾಣದೊಳಗಿನ ಹುಡುಕು ಪೆಟ್ಟಿಗೆಯ ದಾಖಲೆ, ಎಲ್ಲಕ್ಕಿಂತ ಮುಖ್ಯವಾಗಿ ಸರ್ಚ್ ಕನ್ಸೋಲ್‌ನ ಕ್ವೆರಿಗಳ, ಅಂದರೆ ಜನ ಹುಡುಕಿದ ಪದಗಳ, ಪಟ್ಟಿ ಸಾಕಷ್ಟು ಹೇಳುತ್ತವೆ. ಬರೆಯುವ ಮುನ್ನ ಆ ಪ್ರಶ್ನೆಯನ್ನು ನೀವೇ ಹುಡುಕಿ, ಮೊದಲ ಪುಟದಲ್ಲಿ ಎಂತಹ ಫಲಿತಾಂಶಗಳಿವೆ ನೋಡಿ. ಎಲ್ಲವೂ ವಿಡಿಯೋಗಳಾಗಿದ್ದರೆ ಅಥವಾ ಎಲ್ಲವೂ ಮಾರಾಟದ ಪುಟಗಳಾಗಿದ್ದರೆ, ಉದ್ದನೆಯ ಲೇಖನ ಅಲ್ಲಿ ಸ್ಥಾನ ಪಡೆಯುವುದು ಕಷ್ಟ.

ಶೀರ್ಷಿಕೆಯ ಟ್ಯಾಗ್ ಪ್ರತಿ ಪುಟಕ್ಕೂ ಬೇರೆಯಾಗಿರಲಿ. ಇದಕ್ಕೆ ನಿಗದಿತ ಅಕ್ಷರ ಮಿತಿಯೇನೂ ಇಲ್ಲ. ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸಿ ತೋರಿಸುತ್ತಾರೆ, ಆದ್ದರಿಂದ ಮುಖ್ಯವಾದದ್ದು ಮೊದಲಿಗೆ ಬರಲಿ. ಪುಟದ ಕೋಡ್‌ನಲ್ಲಿ ಬರೆಯುವ ಕಿರು ವಿವರಣೆಯಾದ ಮೆಟಾ ಡಿಸ್ಕ್ರಿಪ್ಷನ್ ಶ್ರೇಯಾಂಕವನ್ನು ಏರಿಸುವುದಿಲ್ಲ, ಆದರೆ ಫಲಿತಾಂಶದ ಕೆಳಗೆ ಕಾಣುವ ಎರಡು ಸಾಲು ಅದರಿಂದ ಬರಬಹುದಾದ್ದರಿಂದ ಕ್ಲಿಕ್‌ಗಳ ಮೇಲೆ ಪ್ರಭಾವ ಬೀರುತ್ತದೆ. ಮೆಟಾ ಕೀವರ್ಡ್ಸ್ ಟ್ಯಾಗನ್ನು ಶ್ರೇಯಾಂಕಕ್ಕೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಸ್ಪಷ್ಟಪಡಿಸಿದೆ. ಇಂದಿಗೂ ಅದನ್ನು ತುಂಬಿಸಲು ಹಣ ಕೇಳುವವರಿದ್ದರೆ ಅವರ ಉಳಿದ ಸಲಹೆಗಳನ್ನೂ ಅನುಮಾನದಿಂದಲೇ ನೋಡಬೇಕು. ಒಂದೇ ಪದವನ್ನು ಪ್ಯಾರಾದುದ್ದಕ್ಕೂ ತುರುಕುವುದು ಗೂಗಲ್‌ನ ಸ್ಪ್ಯಾಮ್ ನೀತಿಗೆ ವಿರುದ್ಧ, ಓದುಗರಿಗೂ ಹಿಂಸೆ.

ತಾಣದೊಳಗಿನ ಲಿಂಕ್‌ಗಳಿಗೆ ಸಿಗಬೇಕಾದ ಗಮನ ಸಿಗುವುದಿಲ್ಲ ಎಂಬುದು ನನ್ನ ಅನಿಸಿಕೆ. ಹೊಸ ಲೇಖನ ಪ್ರಕಟಿಸಿದ ದಿನವೇ ಹಳೆಯ ಲೇಖನಗಳಲ್ಲಿ ಅದಕ್ಕೆ ಸಂಬಂಧಿಸಿದವನ್ನು ತೆರೆದು, ಸೂಕ್ತ ಜಾಗದಲ್ಲಿ ಲಿಂಕ್ ಕೊಡಿ. ಲಿಂಕಿನ ಪಠ್ಯ ‘ಇಲ್ಲಿ ಕ್ಲಿಕ್ ಮಾಡಿ’ ಎಂದಿರುವುದಕ್ಕಿಂತ ‘ಚೈನ್ ಸವೆತವನ್ನು ಅಳೆಯುವ ವಿಧಾನ’ ಎಂದಿರಲಿ. ಚಿತ್ರಗಳಿಗೆ ಅವುಗಳಲ್ಲಿ ಏನಿದೆ ಎಂದು ಹೇಳುವ ಪರ್ಯಾಯ ಪಠ್ಯ ಬರೆಯಿರಿ. ಇದು ಮೊದಲಿಗೆ ದೃಷ್ಟಿದೋಷವುಳ್ಳ ಓದುಗರಿಗಾಗಿ, ಚಿತ್ರಗಳ ಹುಡುಕಾಟದಲ್ಲಿ ಸಿಗುವ ಲಾಭ ಅದರ ಜೊತೆಗೆ ಬರುವಂಥದ್ದು.

ಪಾಕವಿಧಾನ, ಉತ್ಪನ್ನ, ಕಾರ್ಯಕ್ರಮದಂತಹ ಪುಟಗಳಿಗೆ ಸ್ಕೀಮಾ ಎಂಬ ರಚನಾತ್ಮಕ ಗುರುತುಗಳನ್ನು ಸೇರಿಸಿದರೆ ಫಲಿತಾಂಶದಲ್ಲಿ ಹೆಚ್ಚಿನ ವಿವರ ಕಾಣಿಸುವ ಸಾಧ್ಯತೆಯಿದೆ. 2011ರಲ್ಲಿ ಗೂಗಲ್, ಬಿಂಗ್ ಮತ್ತು ಯಾಹೂ ಸೇರಿ ಇದನ್ನು ಆರಂಭಿಸಿದವು. ಆದರೆ ಹಳೆಯ ಸಲಹೆಗಳನ್ನು ಕಣ್ಣುಮುಚ್ಚಿ ಪಾಲಿಸಬೇಡಿ: ಪ್ರಶ್ನೋತ್ತರದ ವಿಸ್ತೃತ ಫಲಿತಾಂಶಗಳನ್ನು ಗೂಗಲ್ 2023ರಲ್ಲಿ ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ತಾಣಗಳಿಗೆ ಸೀಮಿತಗೊಳಿಸಿತು, ‘ಮಾಡುವ ವಿಧಾನ’ದ ಫಲಿತಾಂಶಗಳನ್ನು ಅದೇ ವರ್ಷ ಕೈಬಿಟ್ಟಿತು.

ಐದನೆಯ ಹಂತ: ಹೊರಗಿನ ಲಿಂಕ್‌ಗಳು ಮತ್ತು ವೇಗ

ಬೇರೆ ತಾಣಗಳು ನಿಮ್ಮ ಪುಟಕ್ಕೆ ಕೊಡುವ ಲಿಂಕ್‌ಗಳಿಗೆ ಬೆಲೆ ಬಂದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆಯ್ ಬ್ರಿನ್ 1990ರ ದಶಕದ ಕೊನೆಯಲ್ಲಿ ರೂಪಿಸಿದ ಪೇಜ್‌ರ‍್ಯಾಂಕ್ ವಿಧಾನದಿಂದ. ಅದಕ್ಕೆ ಬೆಲೆ ಬಂದ ಕೂಡಲೇ ಲಿಂಕ್ ಮಾರುವವರೂ ಹುಟ್ಟಿಕೊಂಡರು. ಗೂಗಲ್ ತನ್ನ ಶ್ರೇಯಾಂಕ ವಿಧಾನದಲ್ಲಿ 2012ರಲ್ಲಿ ತಂದ ಪೆಂಗ್ವಿನ್ ಎಂಬ ಅಪ್‌ಡೇಟ್ ಗುರಿಯಿಟ್ಟದ್ದು ಇಂಥವರನ್ನೇ. ಹಣ ಕೊಟ್ಟು ನೂರಾರು ಲಿಂಕ್ ಕೊಳ್ಳುವ ಪ್ಯಾಕೇಜ್‌ಗಳಿಂದ ದೂರವಿರಿ. ನಿಮ್ಮ ತಾಣದಲ್ಲಿ ಜಾಹೀರಾತಿನ ಲಿಂಕ್‌ಗಳಿದ್ದರೆ ಅವುಗಳ ಕೋಡ್‌ನಲ್ಲಿ ಸ್ಪಾನ್ಸರ್ಡ್ ಎಂಬ ಗುರುತು ಹಾಕಿ. ಉಳಿದಂತೆ, ಇತರರು ಉಲ್ಲೇಖಿಸಲು ಯೋಗ್ಯವಾದ ಮೂಲ ಮಾಹಿತಿ, ನೀವೇ ಮಾಡಿದ ಅಳತೆ, ನೀವೇ ತೆಗೆದ ಚಿತ್ರ, ನೀವೇ ಸಂಗ್ರಹಿಸಿದ ಪಟ್ಟಿ ಇರುವ ಪುಟಗಳಿಗೆ ನಿಧಾನವಾಗಿಯಾದರೂ ಲಿಂಕ್‌ಗಳು ಬರುತ್ತವೆ.

ವೇಗವನ್ನು ಅಳೆಯಲು ಪೇಜ್‌ಸ್ಪೀಡ್ ಇನ್‌ಸೈಟ್ಸ್ ಬಳಸಿ. ಕೋರ್ ವೆಬ್ ವೈಟಲ್ಸ್ ಎಂಬ ಮೂರು ಅಳತೆಗಳಿವೆ: ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಮೂಡಬೇಕು. ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪುಟ ಸ್ಪಂದಿಸಬೇಕು. ಓದುವಾಗ ಪುಟ ಅತ್ತಿತ್ತ ಜಿಗಿಯುವ ಪ್ರಮಾಣ 0.1 ಮೀರಬಾರದು. ನೂರು ಭೇಟಿಗಳಲ್ಲಿ 75ರಲ್ಲಾದರೂ ಈ ಮಟ್ಟ ಸಿಗಬೇಕು ಎಂಬುದು ಮಾನದಂಡ. ಪರದೆಯಲ್ಲಿ ದೊಡ್ಡದಾಗಿ ಕಾಣುವ ನೂರಕ್ಕಿಷ್ಟು ಎಂಬ ಅಂಕ ಪ್ರಯೋಗಾಲಯದ್ದು. ಅದರ ಮೇಲಿರುವ, 28 ದಿನಗಳ ನಿಜವಾದ ಬಳಕೆದಾರರ ಅಂಕಿಅಂಶಕ್ಕೆ ಹೆಚ್ಚು ಬೆಲೆ ಕೊಡಿ. ಅತಿ ದೊಡ್ಡ ಚಿತ್ರಗಳನ್ನು ಕುಗ್ಗಿಸುವುದು, ಚಿತ್ರಗಳಿಗೆ ಅಗಲ ಮತ್ತು ಎತ್ತರವನ್ನು ನಮೂದಿಸುವುದು, ಬಳಸದ ಪ್ಲಗಿನ್‌ಗಳನ್ನು ತೆಗೆಯುವುದು ಈ ಮೂರರಿಂದಲೇ ಅನೇಕ ಸಣ್ಣ ತಾಣಗಳು ಚೇತರಿಸಿಕೊಳ್ಳುತ್ತವೆ. ಗೂಗಲ್ ಈಗ ಮೊಬೈಲ್ ಆವೃತ್ತಿಯನ್ನೇ ಇಂಡೆಕ್ಸ್‌ಗೆ ಆಧಾರವಾಗಿ ತೆಗೆದುಕೊಳ್ಳುವುದರಿಂದ, ಕಂಪ್ಯೂಟರಿನಲ್ಲಿ ಕಾಣುವ ಹೂರಣವೆಲ್ಲ ಫೋನಿನಲ್ಲೂ ಇದೆಯೇ ಎಂದು ನೋಡುವುದನ್ನು ಮರೆಯಬೇಡಿ.

ಆರನೆಯ ಹಂತ: ಸರ್ಚ್ ಕನ್ಸೋಲ್‌ನ ಅಂಕಿಗಳನ್ನು ಓದುವುದು

ಪರ್ಫಾರ್ಮೆನ್ಸ್ ವರದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: ಕ್ಲಿಕ್, ಇಂಪ್ರೆಷನ್ ಅಂದರೆ ಫಲಿತಾಂಶದಲ್ಲಿ ಕಾಣಿಸಿಕೊಂಡ ಸಲ, ಇವೆರಡರ ಶೇಕಡಾವಾರು ಅನುಪಾತವಾದ ಸಿಟಿಆರ್, ಮತ್ತು ಸರಾಸರಿ ಸ್ಥಾನ. ಇವುಗಳಲ್ಲಿ ಸರಾಸರಿ ಸ್ಥಾನ ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ಅಂಕಿ. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. ನಮ್ಮ ಸೈಕಲ್ ಪುಟ ಒಂದು ತಿಂಗಳಲ್ಲಿ ಒಂದೇ ಹುಡುಕಾಟಕ್ಕೆ 1,000 ಸಲ, 4ನೆಯ ಸ್ಥಾನದಲ್ಲಿ ಕಾಣಿಸಿ 60 ಕ್ಲಿಕ್ ಪಡೆಯಿತು ಎಂದುಕೊಳ್ಳಿ. ಸರಾಸರಿ ಸ್ಥಾನ 4, ಸಿಟಿಆರ್ ಶೇ. 6. ಮುಂದಿನ ತಿಂಗಳು ಅದೇ ಹುಡುಕಾಟದಲ್ಲಿ ಎಲ್ಲವೂ ಹಾಗೆಯೇ ಇದೆ. ಜೊತೆಗೆ ಹೊಸದೊಂದು ಹುಡುಕಾಟಕ್ಕೆ ಪುಟ 24ನೆಯ ಸ್ಥಾನದಲ್ಲಿ 1,000 ಸಲ ಕಾಣಿಸಿತು, ಯಾರೂ ಕ್ಲಿಕ್ ಮಾಡಲಿಲ್ಲ. ಈಗ ವರದಿಯ ಮೇಲ್ಭಾಗದಲ್ಲಿ ಸರಾಸರಿ ಸ್ಥಾನ 14ಕ್ಕೆ ಕುಸಿದಿರುತ್ತದೆ, ಸಿಟಿಆರ್ ಶೇ. 3ಕ್ಕೆ ಇಳಿದಿರುತ್ತದೆ. ವಾಸ್ತವದಲ್ಲಿ ಕೆಟ್ಟದ್ದು ಏನೂ ನಡೆದಿಲ್ಲ. ಪುಟಕ್ಕೆ ಹೊಸ ಅವಕಾಶವೊಂದು ತೆರೆದಿದೆ. ಆದ್ದರಿಂದ ಈ ಎರಡು ಅಂಕಿಗಳನ್ನು ಇಡೀ ತಾಣಕ್ಕೆ ಒಟ್ಟಾಗಿ ನೋಡಬೇಡಿ. ಒಂದು ಪುಟವನ್ನು ಆರಿಸಿ, ಆ ಪುಟದ ಕ್ವೆರಿಗಳನ್ನು ತೆರೆದು, ಒಂದೊಂದು ಕ್ವೆರಿಯ ಸ್ಥಾನವನ್ನು ಹಿಂದಿನ ಅವಧಿಯ ಜೊತೆ ಹೋಲಿಸಿ.

ಕ್ವೆರಿಗಳ ಕ್ಲಿಕ್‌ಗಳನ್ನು ಕೂಡಿದರೆ ಒಟ್ಟು ಕ್ಲಿಕ್‌ಗಳಿಗೆ ಸಮನಾಗದಿದ್ದರೆ ಗಾಬರಿ ಬೇಡ. ಬಹಳ ಕಡಿಮೆ ಜನ ಹುಡುಕಿದ ಪದಗಳನ್ನು ಹುಡುಕಿದವರ ಖಾಸಗಿತನದ ದೃಷ್ಟಿಯಿಂದ ಪಟ್ಟಿಯಲ್ಲಿ ತೋರಿಸುವುದಿಲ್ಲ, ಮತ್ತು ಪರದೆಯ ಮೇಲಿನ ಪಟ್ಟಿ 1,000 ಸಾಲುಗಳಿಗೆ ನಿಲ್ಲುತ್ತದೆ.

ನಿಮ್ಮ ತಾಣದ ಹೆಸರನ್ನೇ ಬರೆದು ಹುಡುಕಿದವರನ್ನು ಫಿಲ್ಟರ್ ಮೂಲಕ ಬೇರ್ಪಡಿಸುವುದು ಇನ್ನೊಂದು ಅಗತ್ಯದ ಕೆಲಸ. ಅವರು ನಿಮ್ಮನ್ನು ಮೊದಲೇ ಬಲ್ಲವರು; ಹುಡುಕಾಟದಿಂದ ಹೊಸಬರು ಬರುತ್ತಿದ್ದಾರೆಯೇ ಎಂಬುದು ಉಳಿದ ಕ್ವೆರಿಗಳಿಂದ ಮಾತ್ರ ತಿಳಿಯುತ್ತದೆ.

ಏಳನೆಯ ಹಂತ: ಒಳಗೆ ಬಂದವರ ಲೆಕ್ಕ

ಜಿಎ4ರಲ್ಲಿ ಮೊದಲು ತಿಳಿಯಬೇಕಾದದ್ದು ಬಳಕೆದಾರ, ಸೆಷನ್ (ಒಂದು ಭೇಟಿ), ವೀಕ್ಷಣೆ ಮೂರೂ ಬೇರೆ ಬೇರೆ ಎಂಬುದು. ಒಬ್ಬರೇ ಬೆಳಗ್ಗೆ ಫೋನಿನಲ್ಲಿ, ಸಂಜೆ ಕಂಪ್ಯೂಟರಿನಲ್ಲಿ ಬಂದರೆ ಇಬ್ಬರು ಬಳಕೆದಾರರೆಂದು ಎಣಿಕೆಯಾಗಬಹುದು. 30 ನಿಮಿಷ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಸೆಷನ್ ಮುಗಿಯುತ್ತದೆ. 10 ಸೆಕೆಂಡಿಗಿಂತ ಹೆಚ್ಚು ಕಾಲ ಇದ್ದ, ಅಥವಾ ಎರಡಾದರೂ ಪುಟ ನೋಡಿದ, ಅಥವಾ ನೀವು ಮುಖ್ಯವೆಂದು ಗುರುತಿಸಿದ ಕ್ರಿಯೆಯೊಂದನ್ನು ಮಾಡಿದ ಸೆಷನ್ನನ್ನು ‘ಎಂಗೇಜ್ಡ್’ ಎನ್ನುತ್ತಾರೆ, ಉಳಿದದ್ದು ಬೌನ್ಸ್. ಹಳೆಯ ಅನಲಿಟಿಕ್ಸ್‌ನ ಬೌನ್ಸ್ ದರಕ್ಕೂ ಇದಕ್ಕೂ ವ್ಯಾಖ್ಯೆಯೇ ಬೇರೆಯಾದ್ದರಿಂದ ಅವನ್ನು ಹೋಲಿಸಬಾರದು.

ಬಂದ ದಾರಿಗಳನ್ನು ಆರ್ಗ್ಯಾನಿಕ್ ಸರ್ಚ್, ಡೈರೆಕ್ಟ್, ರೆಫರಲ್, ಸೋಷಿಯಲ್, ಇಮೇಲ್ ಎಂದು ವಿಂಗಡಿಸಿರುತ್ತಾರೆ. ಇವುಗಳಲ್ಲಿ ಡೈರೆಕ್ಟ್ ಎಂಬುದನ್ನು ‘ವಿಳಾಸವನ್ನು ಟೈಪ್ ಮಾಡಿ ಬಂದವರು’ ಎಂದು ಓದುವುದು ತಪ್ಪು. ಎಲ್ಲಿಂದ ಬಂದರೆಂದು ತಿಳಿಯದ ಎಲ್ಲರೂ ಅಲ್ಲಿ ಸೇರುತ್ತಾರೆ: ವಾಟ್ಸ್‌ಆಪ್ ಸಂದೇಶದ ಲಿಂಕ್, ಪಿಡಿಎಫ್‌ನೊಳಗಿನ ಲಿಂಕ್, ಬುಕ್‌ಮಾರ್ಕ್, ಕೆಲವು ಆ್ಯಪ್‌ಗಳು. ಈ ಮಸುಕನ್ನು ಕಡಿಮೆ ಮಾಡಲು ನೀವೇ ಹಂಚುವ ಲಿಂಕ್‌ಗಳಿಗೆ ಯುಟಿಎಂ ಗುರುತುಗಳನ್ನು, ಅಂದರೆ ಓದುಗರು ಎಲ್ಲಿಂದ ಬಂದರೆಂದು ಹೇಳಲು ವಿಳಾಸದ ಕೊನೆಗೆ ಜೋಡಿಸುವ ಪದಗಳನ್ನು, ಸೇರಿಸಿ. ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆ ಬೇರೆಯೆಂದೇ ಎಣಿಸುವುದರಿಂದ ಎಲ್ಲವನ್ನೂ ಸಣ್ಣಕ್ಷರದಲ್ಲಿ ಬರೆಯುವ ನಿಯಮ ಮಾಡಿಕೊಳ್ಳಿ. ತಾಣದೊಳಗಿನ ಒಂದು ಪುಟದಿಂದ ಇನ್ನೊಂದಕ್ಕೆ ಕೊಡುವ ಲಿಂಕಿಗೆ ಈ ಗುರುತನ್ನು ಎಂದೂ ಹಾಕಬೇಡಿ. ಓದುಗರು ನಿಜವಾಗಿ ಎಲ್ಲಿಂದ ಬಂದರು ಎಂಬ ಲೆಕ್ಕ ಗೋಜಲಾಗುತ್ತದೆ.

ಸರ್ಚ್ ಕನ್ಸೋಲ್‌ನ ಕ್ಲಿಕ್‌ಗಳೂ ಅನಲಿಟಿಕ್ಸ್‌ನ ಸೆಷನ್‌ಗಳೂ ಸರಿಹೊಂದುವುದಿಲ್ಲ, ಸರಿಹೊಂದಿಸಲು ಹೊರಡಲೂ ಬಾರದು. ಒಂದು ಗೂಗಲ್‌ನ ಫಲಿತಾಂಶ ಪುಟದಲ್ಲಿ ಎಣಿಸುತ್ತದೆ, ಇನ್ನೊಂದು ನಿಮ್ಮ ಪುಟದಲ್ಲಿ ಕೋಡ್ ಓಡಿದಾಗ ಎಣಿಸುತ್ತದೆ. ಕುಕಿಗೆ ಒಪ್ಪಿಗೆ ಕೊಡದವರು, ಟ್ರ್ಯಾಕಿಂಗ್ ತಡೆಯುವ ಬ್ರೌಸರ್ ಬಳಸುವವರು ಎರಡನೆಯದರಲ್ಲಿ ಕಾಣದೆ ಹೋಗಬಹುದು. ಎರಡೂ ಒಂದೇ ದಿಕ್ಕಿನಲ್ಲಿ ಸಾಗುತ್ತಿವೆಯೇ ಎಂದು ನೋಡಿದರೆ ಸಾಕು.

ಸಂಚಾರ ಒಮ್ಮೆಲೇ ಜಿಗಿದರೆ ಸಂತೋಷಪಡುವ ಮೊದಲು ಆ ಭೇಟಿಗಳನ್ನು ಬಿಡಿಸಿ ನೋಡಿ. ಒಂದೇ ನಗರದಿಂದ, ಒಂದೇ ಅಳತೆಯ ಪರದೆಯಿಂದ, ಶೂನ್ಯ ಸೆಕೆಂಡುಗಳ ಭೇಟಿಗಳು ಸಾವಿರಗಟ್ಟಲೆ ಬಂದಿದ್ದರೆ ಅವು ಬಹುಮಟ್ಟಿಗೆ ಯಂತ್ರಗಳು. ಜಿಎ4 ತನಗೆ ಗೊತ್ತಿರುವ ಬಾಟ್‌ಗಳನ್ನು ತಾನೇ ಹೊರಗಿಡುತ್ತದೆ, ಗೊತ್ತಿಲ್ಲದವು ಉಳಿದುಕೊಳ್ಳುತ್ತವೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು, ತಾಣದಿಂದ ನಿಮಗೆ ಏನಾಗಬೇಕು ಎಂಬುದನ್ನು ‘ಕೀ ಈವೆಂಟ್’ ಆಗಿ ಗುರುತಿಸುವುದು: ಚಂದಾದಾರರಾಗುವುದು, ಅರ್ಜಿ ಕಳುಹಿಸುವುದು, ಕಡತ ಇಳಿಸಿಕೊಳ್ಳುವುದು, ಏನೇ ಆಗಲಿ. ಹಾಗೆ ಗುರುತಿಸಿ, ಓದುಗರು ಮೊದಲು ಬಂದಿಳಿದ ಪುಟಗಳನ್ನು ತೋರಿಸುವ ಲ್ಯಾಂಡಿಂಗ್ ಪೇಜ್ ವರದಿಯನ್ನು ತೆರೆದರೆ, ಅತಿ ಹೆಚ್ಚು ಜನ ಬರುವ ಪುಟವೂ ಅತಿ ಹೆಚ್ಚು ಉಪಯೋಗವಾಗುವ ಪುಟವೂ ಬೇರೆ ಬೇರೆ ಎಂಬುದು ಹಲವು ಸಲ ಕಾಣುತ್ತದೆ. ಶ್ರಮ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ವರದಿ ಅದು.

ಎಂಟನೆಯ ಹಂತ: ಯಾವುದನ್ನು ಮೊದಲು ತಿದ್ದಬೇಕು

ಸರ್ಚ್ ಕನ್ಸೋಲ್‌ನಲ್ಲಿ ಮೂರು ತಿಂಗಳ ಅವಧಿಯನ್ನು ಇಟ್ಟುಕೊಂಡು, 5ರಿಂದ 15ರ ನಡುವಿನ ಸ್ಥಾನದಲ್ಲಿದ್ದು ಇಂಪ್ರೆಷನ್‌ಗಳು ಹೆಚ್ಚಿರುವ ಕ್ವೆರಿಗಳನ್ನು ಆರಿಸಿ. ಗೂಗಲ್ ಈ ಪುಟಗಳನ್ನು ಈಗಾಗಲೇ ಪ್ರಸ್ತುತವೆಂದು ಒಪ್ಪಿದೆ. ಸ್ವಲ್ಪ ತಿದ್ದಿದರೆ ಮೇಲೇರುವ ಸಾಧ್ಯತೆ ಇವಕ್ಕೇ ಹೆಚ್ಚು. ಪ್ರತಿ ಪುಟದಲ್ಲೂ ಆ ಕ್ವೆರಿಗೆ ನೇರ ಉತ್ತರವಿದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ಸ್ಥಾನ ಚೆನ್ನಾಗಿದ್ದು ಕ್ಲಿಕ್ ಮಾತ್ರ ಕಡಿಮೆಯಿದ್ದರೆ ಶೀರ್ಷಿಕೆಯನ್ನು ತಿದ್ದಿ. ಒಂದೇ ಕ್ವೆರಿಗೆ ನಿಮ್ಮದೇ ಎರಡು ಮೂರು ಪುಟಗಳು ಅದಲು ಬದಲಾಗಿ ಕಾಣುತ್ತಿದ್ದರೆ, ಅವುಗಳ ವಿಷಯ ನಿಜಕ್ಕೂ ಒಂದೇ ಆಗಿದ್ದಲ್ಲಿ, ಉತ್ತಮವಾದದ್ದರೊಳಗೆ ಉಳಿದವನ್ನು ಸೇರಿಸಿ 301 ಮರುನಿರ್ದೇಶನ ಕೊಡಿ.

ಮಾಡಿದ ಪ್ರತಿ ಬದಲಾವಣೆಯನ್ನೂ ದಿನಾಂಕ, ಪುಟ, ಏನು ಬದಲಿಸಿದ್ದು ಎಂಬ ಮೂರು ಅಂಕಣಗಳಲ್ಲಿ ಬರೆದಿಡಿ. ಒಂದೇ ಪುಟದಲ್ಲಿ ಶೀರ್ಷಿಕೆ, ವಿಳಾಸ, ವಿನ್ಯಾಸ ಮೂರನ್ನೂ ಒಂದೇ ದಿನ ಬದಲಿಸಿದರೆ ಫಲ ಯಾವುದರಿಂದ ಬಂತೆಂದು ಯಾರೂ ಹೇಳಲಾರರು. ಕೆಲವು ಬದಲಾವಣೆಗಳು ಕೆಲವೇ ಗಂಟೆಗಳಲ್ಲಿ ಫಲ ತೋರಬಹುದು, ಇನ್ನು ಕೆಲವಕ್ಕೆ ತಿಂಗಳುಗಳು ಬೇಕಾಗಬಹುದು. ಕೆಲವು ವಾರಗಳಾದರೂ ಕಾಯದೆ ತೀರ್ಪು ಕೊಡಬೇಡಿ.

ಸಂಚಾರ ಕುಸಿದಾಗ

ಕುಸಿತ ಕಂಡಾಗ ಕ್ರಮ ತಪ್ಪದೆ ಪರೀಕ್ಷಿಸುವುದು ಮುಖ್ಯ. ಮೊದಲು ಸರ್ಚ್ ಕನ್ಸೋಲ್‌ನ ಕ್ಲಿಕ್‌ಗಳೂ ಕಡಿಮೆಯಾಗಿವೆಯೇ ನೋಡಿ. ಅಲ್ಲಿ ಎಲ್ಲವೂ ಸರಿಯಾಗಿದ್ದು ಅನಲಿಟಿಕ್ಸ್‌ನಲ್ಲಿ ಮಾತ್ರ ಕುಸಿದಿದ್ದರೆ ಅಳೆಯುವ ಕೋಡ್ ಕಳಚಿದೆ, ಇಲ್ಲವೇ ಹುಡುಕಾಟವಲ್ಲದ ಬೇರೊಂದು ದಾರಿ ಮುಚ್ಚಿದೆ. ಎರಡೂ ಕಡೆ ಕುಸಿದಿದ್ದರೆ ಸರ್ಚ್ ಕನ್ಸೋಲ್‌ನ ಮ್ಯಾನ್ಯುಯಲ್ ಆ್ಯಕ್ಷನ್ಸ್ (ಗೂಗಲ್ ಸಿಬ್ಬಂದಿಯ ದಂಡನಾ ಕ್ರಮ) ಮತ್ತು ಸೆಕ್ಯುರಿಟಿ ಇಶ್ಯೂಸ್ (ಭದ್ರತಾ ತೊಂದರೆ) ಪುಟಗಳಲ್ಲಿ ಸೂಚನೆ ಇದೆಯೇ, ಪೇಜಸ್ ವರದಿಯಲ್ಲಿ ನೋಇಂಡೆಕ್ಸ್ ಅಥವಾ ಸರ್ವರ್ ದೋಷಗಳು ಏರಿವೆಯೇ ಎಂದು ಪರಿಶೀಲಿಸಿ.

ಅಲ್ಲೂ ಏನೂ ಇಲ್ಲವಾದರೆ ಅಂಕಿಗಳನ್ನು ಬಿಡಿಸಿ. ಸ್ಥಾನ ಹಾಗೆಯೇ ಇದ್ದು ಇಂಪ್ರೆಷನ್ ಮಾತ್ರ ಇಳಿದಿದ್ದರೆ ಆ ವಿಷಯವನ್ನು ಹುಡುಕುವವರೇ ಕಡಿಮೆಯಾಗಿದ್ದಾರೆ. ಗೂಗಲ್ ಟ್ರೆಂಡ್ಸ್‌ನಲ್ಲಿ, ಕಳೆದ ವರ್ಷದ ಅದೇ ತಿಂಗಳಿನ ಜೊತೆ ಹೋಲಿಸಿದರೆ ಇದು ಋತುಮಾನದ ಏರಿಳಿತವೇ ಎಂದು ತಿಳಿಯುತ್ತದೆ. ಸ್ಥಾನವೂ ಇಂಪ್ರೆಷನ್ನೂ ಹಾಗೆಯೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ ಆ ಕ್ವೆರಿಯನ್ನು ನೀವೇ ಹುಡುಕಿ ನೋಡಿ. ಫಲಿತಾಂಶ ಪುಟದ ಮೇಲ್ಭಾಗದಲ್ಲಿ ಜಾಹೀರಾತು, ವಿಡಿಯೋ, ಅಥವಾ 2024ರಿಂದ ಗೂಗಲ್ ತೋರಿಸುತ್ತಿರುವ ಎಐ ಓವರ್‌ವ್ಯೂನಂತಹ ಸಿದ್ಧ ಉತ್ತರ ಹೊಸದಾಗಿ ಬಂದು ಕುಳಿತಿರಬಹುದು. ಒಂದು ಸಾಲಿನ ಉತ್ತರ ಸಾಕಾಗುವ ಪ್ರಶ್ನೆಗಳಿಗೆ ಆ ಕ್ಲಿಕ್‌ಗಳು ಮರಳುವುದು ಕಷ್ಟ. ಅಂಥ ಪುಟಗಳ ಮೇಲೆ ಸಮಯ ಸುರಿಯುವ ಬದಲು ವಿವರ, ಹೋಲಿಕೆ, ಸ್ವಂತ ಅನುಭವ ಬೇಕಾಗುವ ವಿಷಯಗಳತ್ತ ತಿರುಗುವುದು ಮೇಲು.

ಸ್ಥಾನಗಳೇ ಬಿದ್ದಿದ್ದರೆ, ಬಿದ್ದ ದಿನಾಂಕವನ್ನು ಗೂಗಲ್ ಸರ್ಚ್‌ನ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿ ಪ್ರಕಟವಾಗುವ ಕೋರ್ ಅಪ್‌ಡೇಟ್‌ಗಳ (ಶ್ರೇಯಾಂಕ ವಿಧಾನದಲ್ಲಿ ಗೂಗಲ್ ಮಾಡುವ ದೊಡ್ಡ ಬದಲಾವಣೆಗಳು) ದಿನಾಂಕದ ಜೊತೆ ಹೊಂದಿಸಿ ನೋಡಿ. ಅಪ್‌ಡೇಟ್ ಜಾರಿಯಲ್ಲಿರುವಾಗ ಸ್ಥಾನಗಳು ದಿನದಿನಕ್ಕೂ ತೂಗಾಡುತ್ತವೆ. ಆಗ ಏನನ್ನೂ ಬದಲಿಸದಿರುವುದು ಕ್ಷೇಮ. ಅದು ಪೂರ್ಣಗೊಂಡು ಒಂದು ವಾರ ಕಳೆದ ಮೇಲೆ, ಅಪ್‌ಡೇಟ್ ಆರಂಭವಾಗುವ ಹಿಂದಿನ ವಾರದ ಜೊತೆ ಹೋಲಿಸಿ ಯಾವ ಪುಟಗಳು, ಯಾವ ಕ್ವೆರಿಗಳಲ್ಲಿ ಎಷ್ಟು ಇಳಿದವು ಎಂಬ ಪಟ್ಟಿ ಮಾಡಿ. 2ರಿಂದ 4ಕ್ಕೆ ಇಳಿದ ಪುಟವನ್ನು ಹಾಗೆಯೇ ಬಿಡಿ. 4ರಿಂದ 29ಕ್ಕೆ ಬಿದ್ದ ಪುಟವನ್ನು, ಈಗ ಅದರ ಜಾಗದಲ್ಲಿರುವ ಪುಟಗಳ ಪಕ್ಕದಲ್ಲಿ ತೆರೆದಿಟ್ಟುಕೊಂಡು, ಓದುಗರಿಗೆ ಅವು ಕೊಡುತ್ತಿರುವ ಯಾವ ಉತ್ತರ ನಿಮ್ಮಲ್ಲಿಲ್ಲ ಎಂದು ಸಾಲು ಸಾಲಾಗಿ ಗುರುತಿಸಿಕೊಂಡ ನಂತರವೇ ತಿದ್ದಲು ಆರಂಭಿಸಿ.